ಡಾಲಸ್‌ನಲ್ಲಿ ಮನೆ ಕೊಳ್ಳೋಕೆ ಏಜೆಂಟ್ ಬೇಕಾ?

ಮಂಡ್ಯದಿಂದ ಹೋಗಿ ಈಗಷ್ಟೇ ಅಮೆರಿಕದ ಟೆಕ್ಸಾಸ್ ರಾಜ್ಯದ ಡಾಲಸ್‌ನಲ್ಲಿ ನೆಲೆ ನಿಲ್ಲುತ್ತಿರುವ ನೀವು ಕೇಳಿದ್ದು ಇಷ್ಟು. ಮಾರಾಟದ ಮನೆಗಳೆಲ್ಲ ಜಿಲ್ಲೋ, ರೆಡ್‌ಫಿನ್ ಅನ್ನುವ ಆ್ಯಪ್‌ಗಳಲ್ಲಿ ಫೋಟೋ ಸಮೇತ ಸಿಗುತ್ತವೆ. ಹಾಗಿದ್ದ ಮೇಲೆ ಏಜೆಂಟ್‌ಗೆ ಸುಮ್ನೆ ಯಾಕೆ ದುಡ್ಡು ಕೊಡಬೇಕು, ಮಾಲೀಕರನ್ನೇ ಹಿಡಿಯಬಾರದಾ? ಯಾವ ಏರಿಯಾದಲ್ಲಿ ಕನ್ನಡದವರು ಜಾಸ್ತಿ ಅಂತಲೂ ಕೇಳಿದ್ದೀರಿ.

ನಾನು ಡಾಲಸ್ ಪಕ್ಕದಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಸದ್ಯ ರಜೆಗೆ ಬಂದು ಮೈಸೂರಿನ ಕುವೆಂಪುನಗರದಲ್ಲಿ ಅಣ್ಣನ ಮನೆಯಲ್ಲಿದ್ದೇನೆ. ಅಣ್ಣ ಬೋಗಾದಿ ಕಡೆ ಮನೆ ಹುಡುಕುತ್ತಿದ್ದಾನೆ. ಬೆಳಿಗ್ಗೆ ಕಾಫಿ ಕುಡಿಯೋ ಹೊತ್ತಿಗೆ ಯಾರಾದರೊಬ್ಬ ಬ್ರೋಕರ್ ಫೋನ್ ಬರುತ್ತದೆ. "ಸಾರ್, ತರ್ಟಿ ಫಾರ್ಟಿ, ಈಸ್ಟ್ ಫೇಸಿಂಗು, ಪಾರ್ಟಿ ಅರ್ಜೆಂಟಲ್ಲವ್ರೆ." ಎಷ್ಟನೇ ಕ್ರಾಸ್ ಅಂತ ಕೇಳಿದರೆ ಮಾತು ಹಾರಿಸುತ್ತಾರೆ. ಹೇಳಿಬಿಟ್ಟರೆ ಅಣ್ಣ ನೇರವಾಗಿ ಮಾಲೀಕರ ಹತ್ತಿರ ಹೋಗಿಬಿಡುತ್ತಾನಲ್ಲ! ನಮ್ಮ ಕಡೆ ಬ್ರೋಕರ್ ಕೈಯಲ್ಲಿರುವ ಮಾಲು ಅಂದರೆ ಆ ಸುದ್ದಿಯೇ. ನಿಮ್ಮ ಪ್ರಶ್ನೆ ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು.

ಅಮೆರಿಕದಲ್ಲಿ ಆ ಸುದ್ದಿಗೆ ಬೆಲೆ ಇಲ್ಲ. ಏಜೆಂಟ್‌ಗಳು ಮನೆಗಳನ್ನು ಎಂಎಲ್‌ಎಸ್ ಅನ್ನುವ ತಮ್ಮ ಪಟ್ಟಿಗೆ ಹಾಕುತ್ತಾರೆ. ಹೆಚ್ಚಿನವು ಅಲ್ಲಿಂದಲೇ ಆ್ಯಪ್‌ಗೆ ಬರುತ್ತವೆ. ಹುಡುಕುವ ಕೆಲಸ ನೀವೇ ಮಾಡಿ. ನಿಮ್ಮಷ್ಟು ಆಸ್ಥೆಯಿಂದ ಇನ್ಯಾರೂ ಮಾಡುವುದಿಲ್ಲ.

ಆದರೆ ಫೋಟೋ ಬಿಟ್ಟು ಉಳಿದದ್ದನ್ನು ಜಾಸ್ತಿ ನೋಡಿ. ನಾನು ನೋಡಿದ ಒಂದು ಮನೆಯಲ್ಲಿ ಅಡುಗೆಮನೆಯದೇ ಐದಾರು ಫೋಟೋ, ಹಿತ್ತಲಿನದು ಒಂದೂ ಇಲ್ಲ. ಉಪಗ್ರಹದ ನಕ್ಷೆ ತೆಗೆದರೆ ಬೇಲಿಗೆ ಅಂಟಿಕೊಂಡ ಹಾಗೆ ಹೈಟೆನ್ಷನ್ ಕಂಬ. ಕೆಳಗೆ ಬೆಲೆಯ ಚರಿತ್ರೆ ಇರುತ್ತದೆ, ಅದನ್ನೂ ಓದಿ. ಮನೆ "ಪೆಂಡಿಂಗ್" ಆಗಿ, ಅಂದರೆ ವ್ಯಾಪಾರ ಕುದುರಿ, ಮತ್ತೆ ಮಾರಾಟಕ್ಕೆ ಬಂದಿದೆಯಾ? ಕೊಳ್ಳುವವರಿಗೆ ಸಾಲ ಸಿಕ್ಕಿಲ್ಲದಿರಬಹುದು, ಇಲ್ಲಾ ಇನ್‌ಸ್ಪೆಕ್ಷನ್‌ನಲ್ಲಿ, ಅಂದರೆ ಮನೆಯ ತಪಾಸಣೆಯಲ್ಲಿ, ಏನೋ ದೋಷ ಸಿಕ್ಕಿರಬಹುದು. ಯಾವುದು ಅಂತ ಕೇಳಲೇಬೇಕು.

ಆ್ಯಪ್ ಕೈಕೊಡುವುದು ಬೆಲೆಯ ವಿಷಯದಲ್ಲಿ. ಟೆಕ್ಸಾಸ್‌ನಲ್ಲಿ ಮನೆ ಎಷ್ಟಕ್ಕೆ ಮಾರಾಟವಾಯಿತು ಅಂತ ಸರ್ಕಾರಕ್ಕೆ ತಿಳಿಸಬೇಕಾಗಿಲ್ಲ. ಹಾಗಾಗಿ ಆ್ಯಪ್ ತೋರಿಸುವ ಅಂದಾಜು ಬರೀ ಅಂದಾಜು. ಜಿಲ್ಲೋ ಕಂಪನಿ ತನ್ನ ಲೆಕ್ಕವನ್ನೇ ನಂಬಿ ತಾನೇ ಮನೆ ಕೊಂಡು ಮಾರಲು ಹೋಗಿ, ಕೈ ಸುಟ್ಟುಕೊಂಡು, 2021ರ ನವೆಂಬರ್‌ನಲ್ಲಿ ಆ ವ್ಯವಹಾರ ಮುಚ್ಚುವುದಾಗಿ ಹೇಳಿತು. ನಿಜವಾದ ಮಾರಾಟದ ಬೆಲೆ ಎಂಎಲ್‌ಎಸ್‌ನಲ್ಲಿರುತ್ತದೆ, ಏಜೆಂಟ್‌ಗೆ ಕಾಣುತ್ತದೆ. "ಈ ಸುತ್ತಮುತ್ತ ಇದೇ ಅಳತೆಯ ಮನೆಗಳು ಈಚೆಗೆ ಎಷ್ಟಕ್ಕೆ ಹೋದವು?" ಅಂತ ಕೇಳಿ. ಪಟ್ಟಿ ಕೊಟ್ಟು ವಿವರಿಸದೆ "ಒಳ್ಳೆ ರೇಟು, ಬಿಡಬೇಡಿ" ಅನ್ನುವವರು ಬೇಡ.

ಇನ್ನು ಮಾಲೀಕರನ್ನೇ ಹಿಡಿಯುವ ಮಾತು. ಜಿಲ್ಲೋದಲ್ಲಿ "ಏಜೆಂಟ್‌ರನ್ನು ಸಂಪರ್ಕಿಸಿ" ಅನ್ನುವ ಬಟನ್ ಒತ್ತಿದರೆ ಸಾಮಾನ್ಯವಾಗಿ ಸಿಗುವುದು ಆ ಮನೆಯ ಏಜೆಂಟ್ ಅಲ್ಲ, ಜಾಹೀರಾತಿಗೆ ದುಡ್ಡು ಕೊಟ್ಟ ಬೇರೊಬ್ಬರು. ಮನೆ ಮಾರುವ ಏಜೆಂಟ್ ಸಿಕ್ಕರೂ ಅವರು ಮಾಲೀಕರ ಕಡೆಯವರು. ಅವರ ಹತ್ತಿರ ಬೆಲೆ ಕೇಳುವುದು ಎದುರು ಪಾರ್ಟಿ ವಕೀಲರ ಹತ್ತಿರ ಸಲಹೆ ಕೇಳಿದ ಹಾಗೆ. ಡಾಲಸ್ ಹತ್ತಿರದ ಫ್ರಿಸ್ಕೋ, ಸೆಲೈನಾ ಕಡೆ ಹೊಸ ಮನೆ ಮಾರುವ ಬಿಲ್ಡರ್ ಆಫೀಸಿನಲ್ಲಿ ಕುಕೀಸ್ ಕೊಟ್ಟು ನಗುನಗುತ್ತಾ ಮಾತಾಡಿಸುವವರೂ ಬಿಲ್ಡರ್ ಕಡೆಯವರೇ. ಅಲ್ಲಿಗೆ ಹೋಗುವಾಗ ಮೊದಲ ಸಲವೇ ನಿಮ್ಮ ಏಜೆಂಟ್ ಜೊತೆಗಿರಲಿ. ಎಷ್ಟೋ ಬಿಲ್ಡರ್‌ಗಳು ಆಮೇಲೆ ಬಂದ ಏಜೆಂಟ್‌ಗೆ ಕಮಿಷನ್ ಕೊಡುವುದಿಲ್ಲ.

ದುಡ್ಡಿನ ವಿಷಯ ಈಗ ಬದಲಾಗಿದೆ. ಮೊದಲೆಲ್ಲ ಮಾರುವವರೇ ಸುಮಾರು 5-6 ಪರ್ಸೆಂಟ್ ಕೊಟ್ಟು, ಎರಡೂ ಕಡೆ ಏಜೆಂಟ್‌ಗಳು ಹಂಚಿಕೊಳ್ಳುವುದು ರೂಢಿ. ಈ ಕಮಿಷನ್ ಬಗ್ಗೆಯೇ ನಡೆದ ಒಂದು ದೊಡ್ಡ ಕೇಸ್ ರಾಜಿಯಾದ ಮೇಲೆ, 2024ರ ಆಗಸ್ಟ್ 17ರಿಂದ, ಮನೆ ತೋರಿಸುವ ಮುಂಚೆಯೇ ಕೊಳ್ಳುವವರ ಏಜೆಂಟ್ ನಿಮ್ಮ ಜೊತೆ ಬರಹದಲ್ಲಿ ಕರಾರು ಮಾಡಿಕೊಳ್ಳಬೇಕು. ಅವರ ಫೀಸು ಎಷ್ಟು ಅಂತ ಅದರಲ್ಲಿ ಇರಬೇಕು. ಚೌಕಾಸಿ ಮಾಡಿ, ಸಂಕೋಚ ಬೇಡ. ಮಾರುವವರು ಅದನ್ನು ಕೊಡುತ್ತಾರಾ ಅಂತ ಆಫರ್‌ನಲ್ಲೇ ಕೇಳಬಹುದು, ಎಷ್ಟೋ ಜನ ಈಗಲೂ ಕೊಡುತ್ತಾರೆ. ಒಮ್ಮೆಗೇ ಆರು ತಿಂಗಳ ಕರಾರಿಗೆ ಸಹಿ ಹಾಕಬೇಡಿ. ಮೊದಲು ಒಂದು ವಾರ ನೋಡೋಣ ಅನ್ನಿ. ನಮ್ಮೂರಿನ ಹಾಗೆ ನಾಲ್ಕು ಬ್ರೋಕರ್‌ಗಳನ್ನು ಒಟ್ಟಿಗೆ ಓಡಿಸುವ ಆಟ ಅಲ್ಲಿ ನಡೆಯದು, ಇಬ್ಬರಿಗೂ ಫೀಸು ಕಟ್ಟುವ ಪಾಡು ಬಂದೀತು.

ನಮ್ಮವರಲ್ಲಿ "ಕಮಿಷನ್‌ನಲ್ಲಿ ಅರ್ಧ ನಿಮಗೇ ವಾಪಸ್" ಅನ್ನುವ ಏಜೆಂಟ್‌ಗಳೂ ಇದ್ದಾರೆ. ಟೆಕ್ಸಾಸ್‌ನಲ್ಲಿ ಅದಕ್ಕೆ ಕಾನೂನಿನ ಅಡ್ಡಿ ಇಲ್ಲ. ಹೊಸ ಮನೆಗೆ ಪರವಾಗಿಲ್ಲ. ಹಳೇ ಮನೆಗೆ ನನಗಂತೂ ದುಡಿದು ದುಡ್ಡು ತಗೊಳ್ಳುವವರೇ ಇಷ್ಟ. ಯಾಕೆ ಅಂದರೆ ಅಲ್ಲಿಯ ಮಣ್ಣು. ಡಾಲಸ್ ಸುತ್ತಮುತ್ತ ಬಹಳ ಕಡೆ ಜೇಡಿ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಫೌಂಡೇಶನ್ ಅಲುಗುತ್ತದೆ. ಬಾಗಿಲ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದ್ದರೆ, ಕದ ಹಾಕಲು ಜಗ್ಗಬೇಕಾದರೆ ಅನುಮಾನ ಪಡಿ. ಟೆಕ್ಸಾಸ್ ಕರಾರಿನಲ್ಲಿ ಆಪ್ಷನ್ ಪೀರಿಯಡ್ ಅಂತ ಕೆಲವು ದಿನ ಬರೆಸಿಕೊಳ್ಳಬಹುದು. ಅದಕ್ಕೊಂದು ಸಣ್ಣ ಫೀಸು. ಆ ದಿನಗಳೊಳಗೆ ಯಾವ ಕಾರಣಕ್ಕಾದರೂ ಬೇಡ ಅನ್ನಬಹುದು, ಆ ಫೀಸು ಮಾತ್ರ ಹೋಗುತ್ತದೆ. ಇನ್‌ಸ್ಪೆಕ್ಟರ್ ಕರೆಸಿ, ವರದಿ ಓದಿ, ಮತ್ತೆ ಬೆಲೆ ಮಾತಾಡುವುದು ಈ ದಿನಗಳಲ್ಲೇ. ಏಜೆಂಟ್ ಗಟ್ಟಿಗರೋ ಅಲ್ಲವೋ ಆಗಲೇ ಗೊತ್ತಾಗುವುದು.

ಕನ್ನಡದವರು ಎಲ್ಲಿ ಜಾಸ್ತಿ ಅನ್ನುವುದನ್ನು ಮಾತ್ರ ಏಜೆಂಟ್ ಹತ್ತಿರ ಕೇಳಬೇಡಿ. 1968ರ ಫೇರ್ ಹೌಸಿಂಗ್ ಕಾನೂನಿನ ಪ್ರಕಾರ ಧರ್ಮ, ಬಣ್ಣ, ಮೂಲ ದೇಶ ನೋಡಿ ಜನರನ್ನು ಇಂಥ ಏರಿಯಾ ಕಡೆ ತಿರುಗಿಸುವಂತಿಲ್ಲ. ಪಾಪ, ಅವರು ಮುಜುಗರ ಪಡುತ್ತಾರೆ. ಕನ್ನಡ ಸಂಘದ ಯುಗಾದಿ ಊಟಕ್ಕೆ ಹೋಗಿ ಪಂಕ್ತಿಯಲ್ಲಿ ಪಕ್ಕದವರನ್ನು ಕೇಳಿ. ಸ್ಕೂಲ್ ಬಸ್ ಎಷ್ಟು ಗಂಟೆಗೆ ಬರುತ್ತೆ ಅನ್ನುವುದೂ ಸೇರಿ ಎಲ್ಲಾ ಹೇಳುತ್ತಾರೆ.