ನಾಲ್ಕು ಬೇಟೆಗೂ ಶೇ 25: ತೋಳದ ಕೂದಲಿನ ಲೆಕ್ಕ ಎಲ್ಲಿ ತಪ್ಪಿತು?

ಪ್ರಶ್ನೆ: ಯಡಹಳ್ಳಿ ಚಿಂಕಾರ ಅಭಯಾರಣ್ಯದ ಸುತ್ತಲಿನ ತೋಳಗಳ ಆಹಾರ ತಿಳಿಯಲು ಉದುರಿದ ಕೂದಲಿನಲ್ಲಿ ಇಂಗಾಲ-13, ಸಾರಜನಕ-15 (ಈ ಧಾತುಗಳ ಭಾರದ ಐಸೊಟೋಪುಗಳು) ಅಳೆಸಿದ್ದೇನೆ. ಕುರಿ, ಆಡು, ಚಿಂಕಾರ, ಮೊಲಗಳ ಕೂದಲನ್ನೂ ಅಳೆಸಿದ್ದೇನೆ. ಊಟದಲ್ಲಿ ಯಾವ ಬೇಟೆಯ ಪಾಲೆಷ್ಟು ಎಂದು ಅಂದಾಜಿಸುವ ಮಾಡೆಲ್ ಆದ ಮಿಕ್ಸ್‌ಸಿಯಾರ್‌ಗೆ ಹಾಕಿದರೆ ನಾಲ್ಕಕ್ಕೂ ಶೇ 25ರ ಆಸುಪಾಸು ಬರುತ್ತದೆ. ಗೆಲ್ಮನ್–ರೂಬಿನ್ ಮೌಲ್ಯ 1.05ಕ್ಕಿಂತ ಕಡಿಮೆ ಇದೆ. ಇದನ್ನೇ ಪ್ರಬಂಧದಲ್ಲಿ ಬರೆಯಬಹುದೇ?
– ಸಂಶೋಧನಾ ವಿದ್ಯಾರ್ಥಿ, ಬಾಗಲಕೋಟೆ

ಉತ್ತರ: ಬರೆಯಬೇಡಿ. ಆ ಶೇ 25 ಬಹುಮಟ್ಟಿಗೆ ನೀವೇ ಒಳಗೆ ಹಾಕಿದ್ದು. ನಾಲ್ಕು ಮೂಲಗಳಿಗೆ (ಅಂದರೆ ಬೇಟೆಗಳಿಗೆ) ಸಮಾನ ಪೂರ್ವಾಂದಾಜು, ಅಂದರೆ ದತ್ತಾಂಶ ನೋಡುವ ಮೊದಲಿನ ಊಹೆ, ಕೊಟ್ಟರೆ ಪ್ರತಿಯೊಂದರ ಸರಾಸರಿ ಮೊದಲೇ ಶೇ 25 ಇರುತ್ತದೆ. ಅದನ್ನು ಅಲುಗಿಸುವ ಬಲ ದತ್ತಾಂಶಕ್ಕೆ ಇಲ್ಲದಿದ್ದರೆ ಅದೇ ಅಂಕಿ ವಾಪಸ್ ಬರುತ್ತದೆ. ಗೆಲ್ಮನ್–ರೂಬಿನ್ ನೋಡುವುದು ಮಾಡೆಲ್ ಬೇರೆಬೇರೆ ಆರಂಭದಿಂದ ಓಡಿಸುವ ಲೆಕ್ಕದ ಸರಪಳಿಗಳೆಲ್ಲ ಒಂದೇ ಕಡೆ ಬಂದು ನಿಂತವೆಯೇ ಎಂದಷ್ಟೇ. ನಿಂತ ಜಾಗ ಸರಿಯೇ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

ಗೋಜಲು ಇರುವುದು ಮೇವಿನಲ್ಲಿ. ಜೋಳ, ಸಜ್ಜೆ, ಗೋವಿನಜೋಳ, ಕಬ್ಬು, ಬಯಲಿನ ಬಹುತೇಕ ಹುಲ್ಲು ಸಿ-4 ಸಸ್ಯಗಳು; ಇಂಗಾಲ-13ರ ಮೌಲ್ಯ (ಪ್ರಮಾಣಿತ ಮಾದರಿಗೆ ಹೋಲಿಸಿ, ಸಾವಿರಕ್ಕೆ ಇಷ್ಟು ಎಂದು) ಸುಮಾರು −12ರಿಂದ −13. ಜಾಲಿ, ಬಾರಿ, ತೊಗರಿ, ಕಡಲೆ ಸಿ-3, ಸುಮಾರು −27. ಈ ಎರಡು ಬಗೆಯ ಸಸ್ಯಗಳು ಇಂಗಾಲ ಹೀರುವ ದಾರಿ ಬೇರೆ; ಆ ಗುರುತು ಮೇಯುವ ಪ್ರಾಣಿಯ ಮೈಗೂ ಬರುತ್ತದೆ. ಕುರಿ ಹೆಚ್ಚಾಗಿ ಹುಲ್ಲು ಮೇಯುತ್ತದೆ. ಆಡು, ಚಿಂಕಾರ ಎರಡೂ ಗಿಡಗಂಟಿಯ ಸೊಪ್ಪಿಗೇ ಬಾಯಿ ಹಾಕುತ್ತವೆ. ಹಾಗಾಗಿ ಆಡು–ಕುರಿ ಬೇರೆಯಾಗಬಹುದು, ಆಡು–ಚಿಂಕಾರ ಸುಲಭಕ್ಕೆ ಆಗುವುದಿಲ್ಲ. ಎರಡು ಮೂಲಗಳ ನಡುವೆ 15ರ ಅಂತರವಿದ್ದರೆ ಅಳತೆಯಲ್ಲಿ 1 ತಪ್ಪಿದರೂ ಪಾಲು ತಪ್ಪುವುದು ಸುಮಾರು ಶೇ 7. ಅಂತರ 3 ಇದ್ದರೆ ಅದೇ ತಪ್ಪಿಗೆ ಶೇ 33 ಹೋಗುತ್ತದೆ.

ಮೊದಲು ಮಾಡೆಲ್ ಮುಚ್ಚಿಟ್ಟು ಒಂದು ಚಿತ್ರ ಹಾಕಿ: ಅಡ್ಡಕ್ಕೆ ಇಂಗಾಲ, ಉದ್ದಕ್ಕೆ ಸಾರಜನಕ. ಮೂಲಗಳಿಗೆ ವರ್ಧನಾಂಶ (ಊಟ ಮೈಯ ಭಾಗವಾಗುವಾಗ ಮೌಲ್ಯದಲ್ಲಿ ಆಗುವ ಏರಿಕೆ) ಕೂಡಿಸಿದ ಮೇಲೆ ತೋಳದ ಚುಕ್ಕಿಗಳು ಮೂಲಗಳ ಬಹುಭುಜದ ಒಳಗೆ ಬೀಳಬೇಕು. ಇಲ್ಲೇ ಎಡವುವವರು ಬಹಳ. ಸಾಕಿದ ಕೆಂಪು ನರಿಗಳಿಂದ ಬಂದ, ಇಂಗಾಲಕ್ಕೆ ಸುಮಾರು 2.6, ಸಾರಜನಕಕ್ಕೆ ಸುಮಾರು 3.4 ಎಂಬ ಅಂಕಿಗಳು ಆಹಾರದಿಂದ ಕೂದಲಿಗೆ ಆಗುವ ಏರಿಕೆ. ತೋಳ ತಿನ್ನುವುದು ಕುರಿಯ ಮಾಂಸ, ನೀವು ಅಳೆಸಿದ್ದು ಕುರಿಯ ಕೂದಲು. ಒಂದೇ ಪ್ರಾಣಿಯ ಮಾಂಸ, ಕೂದಲುಗಳ ಮೌಲ್ಯ ಒಂದೇ ಇರುವುದಿಲ್ಲ. ಕೂದಲನ್ನು ಮಾಂಸದ ಲೆಕ್ಕಕ್ಕೆ ಇಳಿಸದೆ ಆ ಅಂಕಿಗಳನ್ನು ಕೂಡಿಸಿದರೆ ಬಹುಭುಜವೇ ಪಕ್ಕಕ್ಕೆ ಸರಿಯುತ್ತದೆ.

ಚುಕ್ಕಿಗಳು ಆಗಲೂ ಹೊರಗೇ ಬಿದ್ದರೆ ಯಾವುದೋ ಮೂಲ ಬಿಟ್ಟುಹೋಗಿರಬಹುದು. ಊರಾಚೆ ಎಸೆದ ದನದ ಹೆಣ, ಕೋಳಿ ಫಾರ್ಮಿನ ಸತ್ತ ಕೋಳಿಗಳನ್ನು ಸೇರಿಸಿದ್ದೀರಾ? ಕಣಿಕೆ ತಿಂದ ದನ, ಗೋವಿನಜೋಳ ತಿಂದ ಕೋಳಿ ಎರಡೂ ಸಿ-4 ಕಡೆ ವಾಲುತ್ತವೆ. ಸೇರಿಸದಿದ್ದರೆ ಅವುಗಳ ಪಾಲು ಕುರಿಯ ತಲೆಗೆ ಬೀಳುತ್ತದೆ. ಕುರಿಗಾರರ ಜತೆಗಿನ ಜಗಳದ ವಿಷಯದಲ್ಲಿ ಇದು ಸಣ್ಣ ತಪ್ಪಲ್ಲ.

ಮಾಡೆಲ್ ಓಡಿಸಿದ ಮೇಲೆ ಫಲಿತಾಂಶಗಳ ಪರಸ್ಪರ ಸಂಬಂಧ ನೋಡಿ. ಆಡು ಏರಿದಾಗಲೆಲ್ಲ ಚಿಂಕಾರ ಇಳಿಯುತ್ತಿದ್ದರೆ ಎರಡನ್ನೂ ಕೂಡಿಸಿ ‘ಸೊಪ್ಪು ಮೇಯುವ ಬೇಟೆ’ ಎಂದು ಒಂದೇ ಪಾಲು ಬರೆಯಿರಿ, ಶೇ 95ರ ವ್ಯಾಪ್ತಿಯ ಸಮೇತ. ಬರೇ ಸರಾಸರಿ ಬೇಡ. ಆಡೋ ಚಿಂಕಾರವೋ ಎಂದು ತಿಳಿಯಲೇಬೇಕಿದ್ದರೆ ತೋಳದ ಮಲದಲ್ಲಿ ಸಿಗುವ ಕೂದಲಿನ ತಿರುಳು, ಹೊರಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆ ಎಣಿಕೆಯನ್ನು ಪೂರ್ವಾಂದಾಜಾಗಿ ಕೊಡಬಹುದು, ಆದರೆ ನಾಲ್ಕು ಮೂಲಗಳ ಆಲ್ಫಾ (ಪೂರ್ವಾಂದಾಜಿನ ತೂಕ) ಮೊತ್ತ 4 ಮೀರದಂತೆ ಇಳಿಸಿ. ಎಣಿಕೆಯನ್ನು ಇಳಿಸದೆ ಹಾಗೇ ಹಾಕಿದರೆ ಕೂದಲಿನ ದತ್ತಾಂಶವನ್ನೇ ಅದು ನುಂಗುತ್ತದೆ. ಮಲ ಹೇಳುವುದು ಒಂದೆರಡು ದಿನದ ಊಟ, ಕೂದಲು ಹೇಳುವುದು ಅದು ಬೆಳೆದ ತಿಂಗಳುಗಳದ್ದು ಎಂಬುದೂ ನೆನಪಿರಲಿ.

ಮತ್ತೆ ಅಳೆಸುವುದಾದರೆ ಕೂದಲನ್ನು 2:1 ಕ್ಲೋರೋಫಾರ್ಮ್–ಮೆಥನಾಲ್‌ನಲ್ಲಿ ತೊಳೆದು, ಒಣಗಿಸಿ, ಸಣ್ಣಗೆ ಕತ್ತರಿಸಿ, 0.5ರಿಂದ 1 ಮಿಲಿಗ್ರಾಂ ತವರದ ಕ್ಯಾಪ್ಸೂಲಿಗೆ ತುಂಬಿ. ಚರ್ಮದ ಎಣ್ಣೆ ಉಳಿದರೆ ಇಂಗಾಲದ ಮೌಲ್ಯ ಕೆಳಗೆ ಎಳೆಯುತ್ತದೆ. ತೋಳ, ಚಿಂಕಾರ ಎರಡೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಚ್ಛೇದದ ಪ್ರಾಣಿಗಳು. ಉದುರಿದ ಕೂದಲನ್ನು ಹೆಕ್ಕುವ ಮುನ್ನವೂ ಅರಣ್ಯ ಇಲಾಖೆಯ ಅನುಮತಿ ಪತ್ರ ಕೈಯಲ್ಲಿರಲಿ.