ಕೇಳಿ ತಿಳಿಯಿರಿ: ಹಲ್ಲು, ಕಿವಿ, ಕಲ್ಲು

ಪ್ರಶ್ನೆ: ಮುಡುಕುತೊರೆ ಜಾತ್ರೆಯಲ್ಲಿ ಎತ್ತಿನ ತುಟಿ ಎತ್ತಿ ‘ಎರಡು ಹಲ್ಲು’, ‘ನಾಲ್ಕು ಹಲ್ಲು’, ‘ಬಾಯ್ಗೂಡಿದೆ’ ಎಂದು ವಯಸ್ಸು ಹೇಳುತ್ತಾರೆ. ಕೋಟ್ಯಂತರ ವರ್ಷ ಹಳೆಯ ಹಲ್ಲು ನೋಡಿ ವಿಕಾಸವನ್ನು ಹೇಗೆ ಹೇಳುತ್ತಾರೆ?
– ಓದುಗರು, ತಿ. ನರಸೀಪುರ

ಉತ್ತರ: ಜಾತ್ರೆಯಲ್ಲಿ ನೋಡುವುದು ಬಾಚಿಹಲ್ಲು. ಪಳೆಯುಳಿಕೆ ತಜ್ಞರಿಗೆ ಬೇಕಾದದ್ದು ಹಿಂದಿನ ದವಡೆಹಲ್ಲು. ದೇಹದಲ್ಲಿ ಎನಾಮೆಲ್‌ನಷ್ಟು ಗಟ್ಟಿ ಪದಾರ್ಥ ಬೇರೆ ಇಲ್ಲ, ಮೂಳೆ ಪುಡಿಯಾದ ಜಾಗದಲ್ಲೂ ಹಲ್ಲು ಉಳಿದಿರುತ್ತದೆ.

ಕುದುರೆಯನ್ನೇ ನೋಡಿ. ಸುಮಾರು 5.5 ಕೋಟಿ ವರ್ಷ ಹಿಂದೆ ಅದು ನಾಯಿಯಷ್ಟಿತ್ತು. ಮುಂಗಾಲಿಗೆ 4 ಬೆರಳು, ಹಿಂಗಾಲಿಗೆ 3. ದವಡೆಹಲ್ಲು ಗಿಡ್ಡ, ಮೆದು ಎಲೆ ಅಗಿಯಲು ಅಷ್ಟೇ ಸಾಕು. ಇಂದಿನ ಕುದುರೆಯ ಸವೆಯದ ದವಡೆಹಲ್ಲು 7–8 ಸೆಂ.ಮೀ. ಉದ್ದ. ಬಹುಪಾಲು ದವಡೆಯೊಳಗೇ ಅಡಗಿದ್ದು, ವರ್ಷಕ್ಕೆ 2–3 ಮಿ.ಮೀ. ಸವೆದ ಹಾಗೆಲ್ಲ ಅಷ್ಟೇ ಮೇಲೆ ಬರುತ್ತದೆ. ಇಷ್ಟು ಸವೆತಕ್ಕೆ ಒಂದು ಕಾರಣ ಹುಲ್ಲಿನೊಳಗಿನ ಸಿಲಿಕಾ. ಕಬ್ಬಿನ ಗರಿ ಗೀರಿಸಿಕೊಂಡ ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಬ್ಬೂ ಹುಲ್ಲಿನ ಜಾತಿಯೇ. ನೆಲಕ್ಕೆ ಬಾಯಿ ಹಾಕಿ ಮೇಯುವಾಗ ಸೇರುವ ಮಣ್ಣು, ಮರಳು ಇನ್ನೊಂದು ಕಾರಣ.

ಅಳತೆ ಸರಳ. ಕೆಳದವಡೆಯ ಕೊನೆಯ ಹಲ್ಲಿನ ಎತ್ತರವನ್ನು ಅದರ ಅಗಲದಿಂದ ಭಾಗಿಸುವುದು. 40 ಮಿ.ಮೀ. ಎತ್ತರ, 10 ಮಿ.ಮೀ. ಅಗಲವಿದ್ದರೆ 4 ಬರುತ್ತದೆ: ಹುಲ್ಲುಗಾವಲಿನ ಹಲ್ಲು. ಎಡವುವುದು ಇಲ್ಲೇ. ಅದೇ ಪ್ರಾಣಿಯ ಮುದಿ ಹಲ್ಲು 15 ಮಿ.ಮೀ.ಗೆ ಸವೆದಿದ್ದರೆ 1.5 ಎಂದು ಲೆಕ್ಕ ಬಂದು, ಮೇಯುವ ಪ್ರಾಣಿ ಎಲೆತಿನ್ನುವ ಪ್ರಾಣಿಯಾಗಿಬಿಡುತ್ತದೆ! ಅದಕ್ಕೇ ಆಗಷ್ಟೇ ಮೂಡಿದ ಹಲ್ಲನ್ನೇ ಆರಿಸುತ್ತಾರೆ, ಇಲ್ಲವೇ ಮೂಡದೆ ಉಳಿದ ಹಲ್ಲನ್ನು ದವಡೆಯ ಎಕ್ಸ್‌ರೇಯಲ್ಲಿ ಹುಡುಕುತ್ತಾರೆ.

ಹುಲ್ಲು ಬಂತು, ಹಲ್ಲು ಬೆಳೆಯಿತು ಎಂದು ಒಂದೇ ಉಸಿರಿಗೆ ಹೇಳುವಂತಿಲ್ಲ. ಹುಲ್ಲು ಕೊಳೆತ ಮೇಲೂ ಅದರ ಸಿಲಿಕಾ ಕಣಗಳು ಮಣ್ಣಿನಲ್ಲಿ ಉಳಿಯುತ್ತವೆ. ಉತ್ತರ ಅಮೆರಿಕದ ಬಯಲುಗಳಲ್ಲಿ ಆ ಕಣಗಳ ಲೆಕ್ಕ ಹಿಡಿದಾಗ, ಹುಲ್ಲುಗಾವಲು ಹಬ್ಬಿ ಕನಿಷ್ಠ 40 ಲಕ್ಷ ವರ್ಷ ಕಳೆದ ಮೇಲೆ ಉದ್ದ ಹಲ್ಲಿನ ಕುದುರೆ ಕಾಣಿಸಿಕೊಂಡದ್ದು ತಿಳಿಯಿತು. ಆಮೇಲೂ ಗಿಡ್ಡ ಹಲ್ಲಿನ ಕುದುರೆಗಳು ಪಕ್ಕದಲ್ಲೇ ಬದುಕಿದ್ದವು. ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದ ಕುದುರೆಗಳ ಚಿತ್ರ ನೋಡಲು ಚೆಂದ, ನಂಬಲು ಅಲ್ಲ. ಹುಲ್ಲಂತೂ ಕುದುರೆಗಿಂತ ಹಳೆಯದು: ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ ಡೈನೊಸಾರ್ ಲದ್ದಿಯ ಪಳೆಯುಳಿಕೆಯಲ್ಲಿ ಭತ್ತದ ನಂಟಿನ ಹುಲ್ಲಿನ ಕಣಗಳೂ ಇದ್ದವೆಂದು 2005ರಲ್ಲಿ ಪ್ರಕಟವಾಯಿತು.

ಪ್ರಶ್ನೆ: ತಿಮಿಂಗಿಲದ ಪೂರ್ವಜ ನೆಲದ ಮೇಲಿತ್ತು ಎನ್ನುತ್ತಾರೆ. ಅರ್ಧ ಮೀನು, ಅರ್ಧ ದನದಂಥ ಪ್ರಾಣಿ ಸಿಕ್ಕಿದೆಯೇ?
– ಓದುಗರು, ಮೈಸೂರು

ಉತ್ತರ: ಹಾಗೆ ಹುಡುಕಿದರೆ ಸಿಗುವುದಿಲ್ಲ. ಲಕ್ಷಣಗಳು ಒಟ್ಟಿಗೆ ಬದಲಾಗುವುದಿಲ್ಲ, ಒಂದೊಂದಾಗಿ ಬದಲಾಗುತ್ತವೆ. ಜಮ್ಮುವಿನ ಕಾಲಾಕೋಟ್‌ನಲ್ಲಿ ಭೂವಿಜ್ಞಾನಿ ಎ. ರಂಗ ರಾವ್ ಸಂಗ್ರಹಿಸಿದ್ದ ಕಲ್ಲುಗಳಲ್ಲಿ ಇಂಡೊಹ್ಯೂಸ್ ಎಂಬ ಸಣ್ಣ ಗೊರಸಿನ ಪ್ರಾಣಿಯ ಮೂಳೆಗಳಿದ್ದವು. ಹೊರನೋಟಕ್ಕೆ ಪುಟ್ಟ ಜಿಂಕೆ. ಆದರೆ ಕಿವಿಯ ಮೂಳೆಯ ಒಳ ಅಂಚು ತಿಮಿಂಗಿಲದಲ್ಲಿ ಇರುವಂತೆಯೇ ದಪ್ಪ. ಕಾಲಿನ ಮೂಳೆಯ ಗೋಡೆಯೂ ದಪ್ಪ. ನೀರಿಗಿಳಿದಾಗ ತೇಲಿಹೋಗದಿರಲು ಆ ಭಾರ ಬೇಕು. ಅದೇ, ಈಜಿಪ್ಟಿನಲ್ಲಿ ಸಿಕ್ಕ, ಸುಮಾರು 4 ಕೋಟಿ ವರ್ಷ ಹಿಂದಿನ ಬೆಸಿಲೊಸಾರಸ್ ಪೂರ್ತಿ ಸಮುದ್ರದ ಪ್ರಾಣಿ. ಅದಕ್ಕಿನ್ನೂ ಮಂಡಿ, ಬೆರಳು ಸಮೇತ ಪುಟ್ಟ ಹಿಂಗಾಲು ಇತ್ತು. ಕಿವಿ ಮೊದಲು, ಕಾಲು ಕೊನೆಗೆ.

ಪ್ರಶ್ನೆ: ಬಾವಿ ತೋಡುವಾಗ ಒಡೆದ ಬಂಡೆಯೊಳಗೆ ಜರೀಗಿಡದಂಥ ಕಪ್ಪು ಚಿತ್ರವಿದೆ. ಪಳೆಯುಳಿಕೆಯೇ?
– ಓದುಗರು, ಪಾಂಡವಪುರ

ಉತ್ತರ: ಬಹುತೇಕ ಅಲ್ಲ. ಬಿರುಕಿನಲ್ಲಿ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಕರೆ ಅದು, ಡೆಂಡ್ರೈಟ್ ಎನ್ನುತ್ತಾರೆ. 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ. ಎಲೆಗಾದರೆ ನಡುದಂಟು, ಅದರಿಂದ ಕ್ರಮವಾಗಿ ಹೊರಟ ನರಗಳು ಇರಬೇಕು. ಇದರಲ್ಲಿ ಕವಲುಗಳು ಬಿರುಕಿನ ಅಂಚಿನಿಂದ ಅಡ್ಡಾದಿಡ್ಡಿ ಹೊರಡುತ್ತವೆ. ಸೂಜಿಯಿಂದ ಕೆರೆದರೆ ಕಪ್ಪು ಪುಡಿ ಉದುರುತ್ತದೆ, ಕೆಳಗೆ ಬರೀ ಬಂಡೆ. ಮೈಸೂರು–ಮಂಡ್ಯದ ನೈಸ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಭಾರೀ ಶಾಖದಲ್ಲಿ ಬೆಂದದ್ದು. ಗಿಡಗಳು ನೆಲಕ್ಕೆ ಬಂದದ್ದು ಬಹಳ ಆಮೇಲೆ.

ಕಾವೇರಿ ದಂಡೆಯ ಮೆಕ್ಕಲುಮಣ್ಣಿನಲ್ಲಿ ಮೂಳೆ ಕಂಡರೆ ಮಾತು ಬೇರೆ. ಎಳೆಯಬೇಡಿ, ತೊಳೆಯಬೇಡಿ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೊ ತೆಗೆಯಿರಿ, ನೆಲದಿಂದ ಎಷ್ಟು ಅಡಿ ಆಳ, ಯಾವ ಬಣ್ಣದ ಪದರ ಎಂದು ಬರೆದಿಟ್ಟುಕೊಳ್ಳಿ. ಪದರದ ಲೆಕ್ಕ ತಪ್ಪಿದ ಮೂಳೆಯ ಕಾಲ ಹೇಳುವುದು ಬಹಳ ಕಷ್ಟ.