ಹಳೇ ಆರ್15 ಓಡಿಸಿದರೆ ಮಣಿಕಟ್ಟು ನೋವು. ಹ್ಯಾಂಡಲ್ ಎತ್ತರಿಸಿದರೆ ಸರಿಹೋಗುತ್ತದಾ?

ನೀವು ಕೇಳಿರುವುದು ಇಷ್ಟು. 2012ರ ಯಮಹಾ ಆರ್15 ಬೈಕ್, ಎರಡನೇ ವರ್ಷನ್, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದೀರಿ. ಅರ್ಧ ಗಂಟೆ ಓಡಿಸಿದರೆ ಮಣಿಕಟ್ಟು ನೋವು, ಕಿರುಬೆರಳು ಜೋಮು, ಇಳಿದಾಗ ಸೊಂಟ ನೆಟ್ಟಗಾಗುವುದಿಲ್ಲ. ಫುಟ್‌ರೆಸ್ಟ್ ಕೆಳಗಿಳಿಸಬಹುದಾ, ಒಂದೇ ಉದ್ದ ಪೈಪಿನ ಎತ್ತರದ ಹ್ಯಾಂಡಲ್ ಹಾಕಿಸಿಬಿಡಲಾ ಅಂತ. ಬೇಡ. ಕೊನೆಪಕ್ಷ ಮೊದಲು ಅದನ್ನು ಮಾಡಬೇಡಿ. ಮೊದಲು ಸೀಟ್ ನೋಡಿ.

ನನ್ನದೂ ಅದೇ ಗಾಡಿ. ಮನೆ ಮಂಡ್ಯ, ಕೆಲಸ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ. ಹೋಗಿ ಬರುವುದು ದಿನಕ್ಕೆ ಸುಮಾರು ತೊಂಬತ್ತು ಕಿಲೋಮೀಟರ್. ಮೊದಲು ಇಷ್ಟು ನೋವು ಇರಲಿಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕ್, ಆಟೋ, ಟ್ರ್ಯಾಕ್ಟರ್ ಬಿಡುವುದನ್ನು ನಿಲ್ಲಿಸಿದರಲ್ಲ, ಆಮೇಲೆ ನಾವೆಲ್ಲ ಸರ್ವಿಸ್ ರಸ್ತೆಗೆ ಬಂದೆವು. ಅಲ್ಲಿ ಹಂಪ್, ಕಬ್ಬಿನ ಟ್ರ್ಯಾಕ್ಟರ್, ರಾಂಗ್ ಸೈಡಿನಲ್ಲಿ ಎದುರು ಬರುವವರು. ನಲವತ್ತು, ಐವತ್ತು ದಾಟುವುದೇ ಕಷ್ಟ. ಕೈನೋವು ಜಾಸ್ತಿ ಆಗಿದ್ದು ಆಗಲೇ.

ವೇಗ ಕಡಿಮೆಯಾದರೆ ನೋವೂ ಕಡಿಮೆ ಆಗಬೇಕಲ್ವಾ? ಈ ಥರದ ಗಾಡಿಯಲ್ಲಿ ಉಲ್ಟಾ. ಬಗ್ಗಿ ಕೂತು ಎಂಬತ್ತು, ತೊಂಬತ್ತರಲ್ಲಿ ಹೋಗುವಾಗ ಎದುರುಗಾಳಿ ಎದೆಯನ್ನು ಒತ್ತಿ ಮೈಭಾರವನ್ನು ಒಂಚೂರು ಹೊರುತ್ತದೆ. ನಲವತ್ತರಲ್ಲಿ ಆ ಗಾಳಿಯ ಸಹಾಯ ಇಲ್ಲ. ತಲೆ, ಹೆಲ್ಮೆಟ್, ಎದೆ, ಬೆನ್ನ ಮೇಲಿನ ಬ್ಯಾಗ್, ಎಲ್ಲ ಭಾರವೂ ಎರಡು ಅಂಗೈ ಮೇಲೆ. ಹಂಪಿನ ಮುಂದೆ ಬ್ರೇಕ್ ಹಿಡಿದಾಗ ಇನ್ನೂ ಜಾಸ್ತಿ.

ನಾನೂ ಮೊದಲು ಹ್ಯಾಂಡಲ್‌ಗೇ ಕೈ ಹಾಕಿದೆ. ಯಾವುದೋ ಬೇರೆ ಗಾಡಿಯ ಪೈಪ್ ಹ್ಯಾಂಡಲನ್ನು ಒಂದು ಗ್ಯಾರೇಜಿನವರು ಹ್ಯಾಂಡಲ್ ಹತ್ತಿರದ ಪ್ಲೇಟ್ ಕೊರೆದು ಕೂರಿಸಿಕೊಟ್ಟರು. ಮೊದಲ ದಿನ ನೆಟ್ಟಗೆ ಕೂತು ಬಂದೆ, ಬಹಳ ಖುಷಿ. ಎರಡನೇ ದಿನ ಶ್ರೀರಂಗಪಟ್ಟಣದ ಹತ್ತಿರ ಯೂ ಟರ್ನ್ ತೆಗೆದುಕೊಳ್ಳಲು ಹ್ಯಾಂಡಲ್ ಪೂರ್ತಿ ತಿರುಗಿಸಿದೆ. ಎಂಜಿನ್ ತಾನಾಗೇ ರೇಸ್ ಆಯಿತು. ಹ್ಯಾಂಡಲ್ ಮೇಲೆ ಹೋಗಿತ್ತು, ಆಕ್ಸಿಲರೇಟರ್ ಕೇಬಲ್ ಮಾತ್ರ ಹಳೆಯ ಉದ್ದವೇ. ತಿರುಗಿಸಿದಾಗ ಅದೇ ಎಳೆದುಕೊಂಡಿತ್ತು. ಕಬ್ಬಿನ ಟ್ರೇಲರ್ ಚಕ್ರದಿಂದ ಒಂದು ಮೊಳ ಈಚೆಗೆ ಗಾಡಿ ನಿಂತಿತು. ಮನೆಗೆ ಬಂದು ನೋಡಿದರೆ ಮುಂದಿನ ಬ್ರೇಕಿಗೆ ಆಯಿಲ್ ಹೋಗುವ ಹೋಸ್ ಕೂಡ ಬಟ್ಟೆ ಒಣಹಾಕುವ ತಂತಿಯ ಹಾಗೆ ಬಿಗಿದಿತ್ತು.

ಗಾಡಿ ಎರಡು ವಾರ ಮೂಲೆ ಸೇರಿತು. ಅಷ್ಟು ದಿನ ಅಪ್ಪನ ಯೆಜ್ಡಿ ರೋಡ್‌ಕಿಂಗ್ ತೆಗೆದುಕೊಂಡು ಹೋದೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಆದ ಗಾಡಿ. ಫ್ಯಾಕ್ಟರಿ 1996ರಲ್ಲೇ ಬಾಗಿಲು ಹಾಕಿತು, ಗಾಡಿ ಇನ್ನೂ ಹೊಗೆ ಬಿಡುತ್ತಾ ಓಡುತ್ತಿದೆ. ಕೈನೋವು ಇಲ್ಲವೇ ಇಲ್ಲ. ಹ್ಯಾಂಡಲ್ ಎತ್ತರ ಇದೆ, ಅದು ಸರಿ. ಆದರೆ ಹಂಪಿನ ಮುಂದೆ ಬ್ರೇಕ್ ಹಿಡಿದಾಗ ಇನ್ನೊಂದು ವಿಷಯ ಗಮನಕ್ಕೆ ಬಂತು. ನಾನು ಮುಂದಕ್ಕೆ ಜಾರುತ್ತಿರಲಿಲ್ಲ. ಅದರ ಸೀಟ್ ಹಲಗೆಯ ಹಾಗೆ ಸಮ. ನನ್ನ ಆರ್15ರ ಸೀಟ್ ಟ್ಯಾಂಕಿನ ಕಡೆಗೆ ಇಳಿಜಾರು, ಜೊತೆಗೆ ಹಳೆಯ ಫೋಮ್ ಮುಂಭಾಗದಲ್ಲಿ ಕುಸಿದು ಇಳಿಜಾರು ಇನ್ನೂ ಜಾಸ್ತಿಯಾಗಿತ್ತು. ಅಂದರೆ ದಿನಾ ನನ್ನ ಕೈ ಮಾಡುತ್ತಿದ್ದ ಕೆಲಸ ಗಾಡಿ ತಿರುಗಿಸುವುದಲ್ಲ. ಜಾರಿದ ನನ್ನನ್ನು ಹಿಂದಕ್ಕೆ ತಳ್ಳುವುದು.

ಹಾಗಾಗಿ ಸೀಟ್ ಬಿಚ್ಚಿಕೊಂಡು ಮಂಡ್ಯದಲ್ಲಿ ಬೈಕ್ ಸೀಟ್ ಕಟ್ಟುವ ಒಬ್ಬರ ಹತ್ತಿರ ಹೋದೆ. ಅವರಿಗೆ ‘ಮೆತ್ತಗೆ ಮಾಡಿ’ ಎಂದು ಮಾತ್ರ ಹೇಳಬೇಡಿ. ಎಲ್ಲರೂ ಹೇಳುವುದೇ ಅದು, ಅವರೂ ಮೇಲೊಂದು ಸ್ಪಂಜ್ ಹಾಕಿ ಕಳಿಸುತ್ತಾರೆ. ಅಂಗಡಿಯಲ್ಲಿ ಕೂತಾಗ ಸುಖ. ಇಪ್ಪತ್ತು ಕಿಲೋಮೀಟರ್ ಆದಮೇಲೆ ಅದು ಒತ್ತಿಕೊಂಡು ಕೆಳಗಿನ ಪ್ಲಾಸ್ಟಿಕ್ ತಗಲುತ್ತದೆ. ಕೆಳಗೆ ಗಟ್ಟಿ ಫೋಮ್, ಚೂರುಗಳನ್ನು ಒತ್ತಿ ಮಾಡಿರುತ್ತಾರಲ್ಲ ಆ ಥರದ್ದು, ಮೇಲೆ ತೆಳ್ಳಗೆ ಒಂದು ಪದರ ಮೆತ್ತನೆಯದು ಎಂದು ಕೇಳಿ. ಮುಂಭಾಗ ತುಂಬಿಸಿ, ಹಿಂಭಾಗ ಸ್ವಲ್ಪ ಕೆರೆಸಿ, ಕೂರುವ ಜಾಗ ಸಮ ಬರಬೇಕು. ಸುಮ್ನೆ ಪೂರ್ತಿ ಎತ್ತರಿಸಿದರೆ ಸಿಗ್ನಲ್‌ನಲ್ಲಿ ಕಾಲು ಎಟುಕುವುದಿಲ್ಲ, ಈ ಗಾಡಿಯ ಸೀಟ್ ಮೊದಲೇ 800 ಮಿಲಿಮೀಟರ್ ಎತ್ತರ. ಟ್ಯಾಂಕಿನ ಹತ್ತಿರ ಅಗಲ ಜಾಸ್ತಿ ಮಾಡಿಸಬೇಡಿ, ತೊಡೆ ಉಜ್ಜುತ್ತದೆ. ನುಣುಪು ರೆಕ್ಸಿನ್ ಬೇಡ, ತರಿತರಿ ಇರುವುದು ಹಾಕಿಸಿ. ಸಾಧ್ಯವಾದರೆ ಗುಜರಿಯಲ್ಲಿ ಒಂದು ಹಳೇ ಸೀಟ್ ತಂದು ಅದರ ಮೇಲೆ ಪ್ರಯೋಗ ಮಾಡಿ, ನಿಮ್ಮದನ್ನು ಹಾಗೇ ಇಟ್ಟುಕೊಳ್ಳಿ. ನಾನು ಎರಡು ಸಲ ಕಟ್ಟಿಸಿದೆ. ಮೊದಲ ಸಲ ಮುಂಭಾಗ ತುಂಬಾ ಉಬ್ಬಿ ಬೇರೆ ಜಾಗದಲ್ಲಿ ನೋವು ಶುರುವಾಗಿತ್ತು. ವಿವರ ಬೇಡ.

ಇಷ್ಟಕ್ಕೇ ನನ್ನ ನೋವು ಅರ್ಧಕ್ಕಿಂತ ಕಡಿಮೆಯಾಯಿತು. ಹ್ಯಾಂಡಲ್‌ಗೆ ಸುರಿದ ದುಡ್ಡಿನ ಕಾಲು ಭಾಗವೂ ಖರ್ಚಾಗಲಿಲ್ಲ.

ದುಡ್ಡಿಲ್ಲದೆ ಆಗುವ ಕೆಲಸಗಳೂ ಇವೆ. ಮಂಡಿಯಿಂದ ಟ್ಯಾಂಕ್ ಹಿಡಿಯಿರಿ, ಬ್ರೇಕ್ ಹಿಡಿಯುವಾಗಲಂತೂ ಬಿಡಲೇಬೇಡಿ. ಮೊಣಕೈ ಮಡಿಸಿರಲಿ. ಕ್ಲಚ್ ಮತ್ತು ಬ್ರೇಕ್ ಲಿವರ್ ಸ್ವಲ್ಪ ಕೆಳಕ್ಕೆ ತಿರುಗಿಸಿ, ಮುಂಗೈಯಿಂದ ಬೆರಳಿನವರೆಗೂ ಒಂದೇ ನೇರ ಬರಬೇಕು. ಮಣಿಕಟ್ಟು ಮೇಲಕ್ಕೆ ಮುರಿದ ಹಾಗೆ ಇದ್ದರೆ ಏನು ಮಾಡಿದರೂ ನೋವು ಹೋಗುವುದಿಲ್ಲ. ಕ್ಲಚ್ ಕೇಬಲ್ ಹಳೆಯದಾಗಿದ್ದರೆ ಹೊಸದು ಹಾಕಿಸಿ. ಬ್ಯಾಗನ್ನು ಬೆನ್ನಿನಿಂದ ಇಳಿಸಿ ಹಿಂದಿನ ಸೀಟಿಗೆ ಕಟ್ಟಿ.

ಇಷ್ಟೆಲ್ಲ ಆದಮೇಲೂ ನೋವಿದ್ದರೆ ಆಗ ಹ್ಯಾಂಡಲ್. ಈ ಗಾಡಿಯದು ಎರಡು ತುಂಡು ಹ್ಯಾಂಡಲ್, ಕ್ಲಿಪ್-ಆನ್. ಅದರಲ್ಲೇ ಎತ್ತರದ್ದು ಸಿಗುತ್ತದೆ: ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದಿರುವ ಕೊಳವೆಗಳು, ಅದನ್ನು ಹಿಡಿಯುವ ಕ್ಲಾಂಪ್ ಕೆಳಗೆ, ಕೈ ಹಿಡಿಯುವ ಪೈಪ್ ಅದಕ್ಕಿಂತ ಮೇಲೆ. ಒಂದು ಇಂಚು ಸಾಕು. ಒಂದು ಇಂಚಾ ಎಂದು ನಗಬೇಡಿ, ಬೆನ್ನಿಗೆ ಗೊತ್ತಾಗುತ್ತದೆ. ವೆಲ್ಡ್ ಮಾಡಿಸಿ ಎತ್ತರಿಸುವ ಐಡಿಯಾ ಯಾರಾದರೂ ಕೊಟ್ಟರೆ ಟೀ ಕುಡಿದು ಎದ್ದು ಬನ್ನಿ. ಬ್ರೇಕ್ ಹಾಕಿದಾಗ ನಿಮ್ಮ ಪೂರ್ತಿ ಭಾರ ಆ ಬೆಸುಗೆ ಮೇಲೆ ಇರುತ್ತದೆ.

ಕೂರಿಸಿದ ಮೇಲೆ ಅಂಗಡಿಯಲ್ಲೇ, ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಆನ್ ಮಾಡಿ, ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ಎಂಜಿನ್ ಸದ್ದು ಒಂದು ಚೂರೂ ಏರಬಾರದು. ಕ್ಲಚ್ ಲಿವರಿನ ಆಟ, ಅಂದರೆ ಸಡಿಲ, ಎರಡು ಕಡೆ ತಿರುಗಿಸಿದಾಗಲೂ ಒಂದೇ ಇರಬೇಕು. ಬ್ರೇಕ್ ಹೋಸ್ ಸಡಿಲ ಇರಬೇಕು. ಸಾಲದಿದ್ದರೆ ಉದ್ದದ ಹೊಸ ಹೋಸ್ ಹಾಕಿಸಿ, ಬ್ರೇಕ್ ಆಯಿಲ್ ತುಂಬಿಸಿ, ಹೋಸ್ ಒಳಗಿನ ಗಾಳಿ ತೆಗೆಸಿ. ಹೆಬ್ಬೆರಳು ಟ್ಯಾಂಕಿಗೆ ಸಿಕ್ಕಿಕೊಳ್ಳುತ್ತದಾ, ಹ್ಯಾಂಡಲ್ ಲಾಕ್ ಬೀಳುತ್ತದಾ, ಅದನ್ನೂ ನೋಡಿ. ಕನ್ನಡಿಗಳನ್ನು ಮತ್ತೆ ಹೊಂದಿಸಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಭುಜ ಮಾತ್ರ ಕಾಣಿಸುತ್ತದೆ. ಆಮೇಲೆ ಒಂದು ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತಿ ಇಳಿಯಿರಿ. ಇಳಿಯುವ ದಾರಿಯಲ್ಲಿ ಅಂಗೈ ಏನು ಹೇಳುತ್ತದೋ ಅದೇ ನಿಜವಾದ ಟೆಸ್ಟ್.

ಫುಟ್‌ರೆಸ್ಟ್ ಕೆಳಗಿಳಿಸುವ ಪ್ಲೇಟ್ ಬಗ್ಗೆಯೂ ಕೇಳಿದ್ದೀರಿ. ಅದರ ಜೊತೆ ಗೇರ್ ಲಿವರ್, ಬ್ರೇಕ್ ಪೆಡಲ್ ಎಲ್ಲ ಸರಿಸಬೇಕು. ನಾನು ಆ ಗೋಜಿಗೆ ಹೋಗಲಿಲ್ಲ.

ಕಾನೂನಿನ ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ಸೀಟಿನ ಫೋಮ್ ತಕರಾರಿಗೆ ಬರುವಂಥದ್ದಲ್ಲ. ಪ್ಲೇಟ್ ಕೊರೆದು ಪೈಪ್ ಹ್ಯಾಂಡಲ್ ಹಾಕಿದ್ದರೆ ಅಪಘಾತ ಆದಾಗ ಇನ್ಶೂರೆನ್ಸಿನವರು ಪ್ರಶ್ನೆ ಎತ್ತಬಹುದು. ಮೂಲ ಹ್ಯಾಂಡಲ್ ಮಾತ್ರ ಎಸೆಯಬೇಡಿ.

ಗಾಡಿ ಓಡಿಸದ ದಿನವೂ ಬೆರಳು ಜೋಮು ಹಿಡಿಯುತ್ತಿದ್ದರೆ ಮೆಕ್ಯಾನಿಕ್ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ.

ಹಿಂದಿನ ಸೀಟಿನ ಬಗ್ಗೆ ನೀವು ಕೇಳಿಲ್ಲ, ಒಳ್ಳೆಯದಾಯಿತು. ಅದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ. ನನ್ನ ಹೆಂಡತಿ ಒಂದೇ ಒಂದು ಸಲ ಮದ್ದೂರಿನವರೆಗೆ ಕೂತು ಬಂದಳು. ವಾಪಸ್ ಬಸ್ಸಿನಲ್ಲಿ ಹೋದಳು.